ಉಗುರಿನ ಬಣ್ಣದಲ್ಲಿ ಬದಲಾವಣೆ: ಸಾರ್ವಜನಿಕರ ಮಾಹಿತಿಗಾಗಿ

ಆರೋಗ್ಯವಂತರ ಉಗುರು ಸಾಮಾನ್ಯವಾಗಿ ತಿಳಿಗುಲಾಬಿ ಬಣ್ಣದಲ್ಲಿ ಕಾಣುತ್ತದೆ. ಈ ಬಣ್ಣವು ಉಗುರಿನದಲ್ಲ, ಅದರ ಕೆಳಗೆ ಹರಿಯುವ ರಕ್ತದ್ದು. ಆದುದರಿಂದಲೇ ದೇಹದೊಳಗಿನ ಕೆಲವು ಕಾಯಿಲೆಗಳ ಸುಳಿವು ಉಗುರಿನಲ್ಲಿ ದೊರೆಯುತ್ತದೆ.

ಇವುಗಳಲ್ಲಿ ಹೆಚ್ಚಿನ ಗಮನ ಅವಶ್ಯವಿರುವುದು ಬಿಳಿಚಿಕೊಂಡ ಉಗುರಿಗೆ. ಇದು ರಕ್ತಹೀನತೆಯ ಲಕ್ಷಣವಾಗಿರಬಹುದು. ಕಬ್ಬಿಣಾಂಶದ ಕೊರತೆ ಬಹುಕಾಲ ಮುಂದುವರಿದಲ್ಲಿ ಉಗುರು ತೆಳುವಾಗಿ, ಚಮಚದಂತೆ ನಡುವೆ ತಗ್ಗಾಗುವುದುಂಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷ ವಯೋಮಿತಿಯ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಆಯಾಸವನ್ನು ಮನೆಗೆಲಸದ ದಣಿವೆಂದು ಭಾವಿಸಿ ಸುಮ್ಮನಿರುವವರೇ ಹೆಚ್ಚು. ಉಗುರನ್ನು ನೋಡಿದ ಮಾತ್ರಕ್ಕೆ ರೋಗ ನಿರ್ಧಾರವಾಗುವುದಿಲ್ಲವಾದ್ದರಿಂದ, ಅಂಗಡಿಯಿಂದ ಟಾನಿಕ್ ತಂದು ಸೇವಿಸುವ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಇದರ ಪ್ರಮಾಣ ಪ್ರತಿ ಡೆಸಿಲೀಟರ್ ರಕ್ತಕ್ಕೆ ಮಹಿಳೆಯರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ.

ಉಗುರು ಮತ್ತು ತುಟಿ ನೀಲಿಗಟ್ಟಿ ಉಸಿರಾಟಕ್ಕೆ ತೊಂದರೆಯಾದಲ್ಲಿ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿರುವ ಸಂಭವವಿದ್ದು, 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ತೆರಳತಕ್ಕದ್ದು. ತುದಿಯ ಕಿರುಪಟ್ಟಿಯೊಂದನ್ನು ಬಿಟ್ಟು ಉಗುರೆಲ್ಲ ಬೆಳ್ಳಗಾಗುವುದು ಯಕೃತ್ತಿನ ಕಾಯಿಲೆಯಲ್ಲಿ ಕಂಡುಬರುತ್ತದೆ; ವಯೋವೃದ್ಧರಲ್ಲಿ ಕಾಯಿಲೆಯಿಲ್ಲದೆಯೂ ಹೀಗಾಗಬಹುದು. ಹಳದಿಯಾಗಿ ದಪ್ಪಗಾದ ಉಗುರಿಗೆ ಬಹುಪಾಲು ಶಿಲೀಂಧ್ರದ ಸೋಂಕು ಕಾರಣ.

ಕಪ್ಪು ಗೆರೆಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಕಪ್ಪು ಮೈಬಣ್ಣದವರಲ್ಲಿ ಹಲವು ಉಗುರುಗಳ ಮೇಲೆ ಇಂತಹ ಗೆರೆಗಳಿರುವುದು ಸಾಮಾನ್ಯ. ಆದರೆ ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ, ಅಗಲವಾಗುತ್ತ ಪಕ್ಕದ ಚರ್ಮಕ್ಕೂ ಹರಡುವ ಗೆರೆಯು ಚರ್ಮದ ಕ್ಯಾನ್ಸರ್ ಆಗಿರುವ ಸಾಧ್ಯತೆಯಿದೆ. ನೋವಿಲ್ಲವೆಂದು ತಡಮಾಡದೆ ಚರ್ಮರೋಗ ತಜ್ಞರಿಗೆ ತೋರಿಸತಕ್ಕದ್ದು.

ಬಿಳಿ ಚುಕ್ಕೆಗಳ ಬಗ್ಗೆ ಆತಂಕ ಬೇಡ. ಬೆಳ್ಳಕ್ಕಿಯ ಹಿಂಡು ಕಂಡಾಗ ಮಕ್ಕಳು ಉಗುರು ಉಜ್ಜಿ ಬೇಡುವ "ಉಂಗುರ"ಗಳಿವು. ಸಾಮಾನ್ಯವಾಗಿ ಸಣ್ಣಪುಟ್ಟ ಪೆಟ್ಟಿನಿಂದ ಉಂಟಾಗುವ ಇವು ಉಗುರು ಬೆಳೆದಂತೆ ತಾವಾಗಿಯೇ ಮರೆಯಾಗುತ್ತವೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ.

ತಪಾಸಣೆಗೆ ಬರುವವರು ಉಗುರುಬಣ್ಣವನ್ನು ಮುಂಚಿತವಾಗಿ ತೆಗೆದು ಬರಬೇಕು. ಅದು ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದ ಅಳತೆಯನ್ನೂ ವ್ಯತ್ಯಾಸಗೊಳಿಸಬಲ್ಲದು. ಗೋರಂಟಿ ಹಚ್ಚಿದ್ದಲ್ಲಿ ವೈದ್ಯರ ಗಮನಕ್ಕೆ ತರುವುದು. ಸೇವಿಸುತ್ತಿರುವ ಔಷಧಿಗಳ ಚೀಟಿಯನ್ನು ಜೊತೆಗೆ ತರುವುದು. ಕೆಲವು ಔಷಧಿಗಳಿಂದಲೂ ಉಗುರಿನ ಬಣ್ಣ ಬದಲಾಗುತ್ತದೆ.