ಚೀಲದ ನಡುವಿನ ಅಡಿಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆಪೇಟೆಯಲ್ಲಿ ಚೀಲದ ಬಾಯನ್ನಷ್ಟೇ ನೋಡಿ ಬೆಲೆ ಕಟ್ಟುವ ವ್ಯಾಪಾರಿ ಇನ್ನೂ ಹುಟ್ಟಿಲ್ಲ. ಮೇಲಿನ ಅಡಿಕೆ ಎಷ್ಟೇ ಹೊಳೆಯುತ್ತಿರಲಿ, ಆತ ಕೈಯನ್ನು ಆಳಕ್ಕಿಳಿಸಿ ನಡುವಿನಿಂದ ಒಂದು ಹಿಡಿ ತೆಗೆಯುತ್ತಾನೆ. ಒಂದೆರಡನ್ನು ಒಡೆದು ಒಳಬಣ್ಣ ನೋಡುತ್ತಾನೆ. ರಾಶಿ ಯಾವುದು, ಚಾಲಿ ಯಾವುದು, ಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಚಿಪ್ಪು ಯಾವುದು ಎಂಬ ವಿವೇಚನೆ ಈ ಸೀಮೆಯ ಮಕ್ಕಳಿಗೂ ಉಂಟು. 1923ರಲ್ಲಿ ಶಿರಸಿಯ ತೋಟಿಗರು ತಮ್ಮದೇ ಸಹಕಾರಿ ಮಾರಾಟ ಸಂಘವನ್ನು ಕಟ್ಟಿಕೊಂಡುದು ಮಾಲಿಗೆ ತಕ್ಕ ಬೆಲೆ ದೊರೆಯಲೆಂದೇ ಅಲ್ಲವೆ? ಇಷ್ಟು ಬಲ್ಲ ಜನ ಗಣಕಯಂತ್ರವನ್ನು ಕೊಳ್ಳಹೊರಟಾಗ ಮಾತ್ರ ಡಬ್ಬಿಯ ಮೇಲಿನ ಬಣ್ಣದ ಬರಹವನ್ನು ನಂಬಿ ಐವತ್ತು ಅರವತ್ತು ಸಾವಿರ ರೂಪಾಯಿಗಳನ್ನು ಎಣಿಸಿಕೊಟ್ಟು ಬರುವುದು ಸೋಜಿಗವೇ ಸರಿ.

2020ರಲ್ಲಿ ಬೆಂಗಳೂರಿನ ಕಚೇರಿಗಳು ಬಾಗಿಲಿಕ್ಕಿದಾಗ ಈ ಮೂರು ತಾಲೂಕುಗಳ ತರುಣ ತರುಣಿಯರು ಲ್ಯಾಪ್‌ಟಾಪುಗಳನ್ನು ಹೊತ್ತು ಊರಿಗೆ ಮರಳಿದರು. ಮನೆಯ ಜಗಲಿ, ಮಾಳಿಗೆ, ಸಿಗ್ನಲ್ ಸಿಕ್ಕುವ ಗುಡ್ಡದ ನೆತ್ತಿ ಇವೇ ಕಚೇರಿಗಳಾದುವು. ನಗರದ ತಂಪು ಕೋಣೆಯಲ್ಲಿ ಸುಖವಾಗಿದ್ದ ಯಂತ್ರಕ್ಕೆ ಮಲೆನಾಡಿನ ಮಳೆ, ಸಿಡಿಲು, ಒಲೆಯ ಹೊಗೆ ಎಲ್ಲವೂ ಹೊಸವು. ಯಂತ್ರ ಕೆಟ್ಟರೆ ಹೋಗುವುದು ಅದರ ಬೆಲೆಯಷ್ಟೇ ಅಲ್ಲ. ಮನೆಯಲ್ಲಿ ಕುಳಿತು ಮಾಡುವ ಉದ್ಯೋಗಕ್ಕೂ ಸಂಚಕಾರ.

ಯಂತ್ರಗಳ ಗುಣದೋಷಗಳನ್ನು ಬರೆಯುವ ವಿಮರ್ಶಕರು ಎಲ್ಲಿ ಕುಳಿತು ಬರೆಯುತ್ತಾರೆ? ಬಹುಮಟ್ಟಿಗೆ ಹವಾನಿಯಂತ್ರಿತ ಕೋಣೆಯಲ್ಲಿ, ಏರಿಳಿತವಿಲ್ಲದ ವಿದ್ಯುತ್ತಿನ ಆಶ್ರಯದಲ್ಲಿ. ನಮ್ಮ ದೇಶದಲ್ಲಿ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್ ಎಂದು ನಿಯಮ. ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆ ಹಿಡಿದರೆ 207ರಿಂದ 253ರವರೆಗೆ. ತೋಟಕ್ಕೆ ನೀರು ಹಾಯಿಸುವ ಬೇಸಗೆಯಲ್ಲಿ ಪಂಪುಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಸಾಲಿನ ಕೊನೆಯ ಮನೆಯ ದೀಪ ಈ ನಿಯಮವನ್ನು ಅರಿಯದು! ಆದುದರಿಂದ ಒಳ್ಳೆಯ ಪರೀಕ್ಷೆಯೆಂದರೆ ಯಂತ್ರಕ್ಕೆ ಪೂರ್ಣ ಕೆಲಸ ಕೊಟ್ಟು, ವೋಲ್ಟೇಜನ್ನು ಮೆಲ್ಲಗೆ ಇಳಿಸುತ್ತ ಹೋಗಿ, ಯಾವ ಅಂಕಿಯಲ್ಲಿ ಅದು ಕೈಚೆಲ್ಲಿತೆಂದು ಬರೆದಿಡುವುದು. ಇನ್ನೊಂದು ಪರೀಕ್ಷೆ, ಕಣ್ಣೆವೆಯಿಕ್ಕುವಷ್ಟರಲ್ಲಿ ವಿದ್ಯುತ್ತನ್ನು ಕಡಿದು ಮತ್ತೆ ಕೊಡುವುದು. ಮೇಜಿನ ಗಣಕಯಂತ್ರದ ವಿದ್ಯುತ್ ಪೆಟ್ಟಿಗೆಯು ಪೂರೈಕೆ ನಿಂತ ಮೇಲೂ 16-17 ಮಿಲಿಸೆಕೆಂಡು ಕಾಲ ಉಸಿರು ಹಿಡಿದಿರಬೇಕು. ಯು.ಪಿ.ಎಸ್. ಎಚ್ಚತ್ತು ಭಾರ ಹೊರುವುದು ಈ ಅವಧಿಯೊಳಗೆ. ಅಗ್ಗದ ಪೆಟ್ಟಿಗೆಯ ಉಸಿರು ಅದಕ್ಕೂ ಮೊದಲೇ ನಿಂತರೆ ಯು.ಪಿ.ಎಸ್. ಇದ್ದೂ ಯಂತ್ರ ಆರುತ್ತದೆ, ಬಡಪಾಯಿ ಯು.ಪಿ.ಎಸ್.ಗೆ ಬೈಗುಳ!

ಆ ಯು.ಪಿ.ಎಸ್.ನ ಕಥೆಯೂ ಕೇಳತಕ್ಕದ್ದೇ. ಅದರ ಮೇಲೆ 600 ವಿ.ಎ. ಎಂದು ಬರೆದಿದ್ದರೆ 600 ವ್ಯಾಟ್ ಎಂದರ್ಥವಲ್ಲ. ಮನೆಬಳಕೆಯ ಅನೇಕ ಮಾದರಿಗಳಲ್ಲಿ ಅದು 360 ವ್ಯಾಟ್ ಮಾತ್ರ. ಒಳಗಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಲೆಕ್ಕಕ್ಕೆ 84 ವ್ಯಾಟ್-ಗಂಟೆ ಶಕ್ತಿಯುಂಟು. ಭಾರ ಹೆಚ್ಚಿದಂತೆ ದಕ್ಕುವುದು ಅದಕ್ಕಿಂತ ಎಷ್ಟೋ ಕಡಮೆ. ಗಡಿಯಾರ ಹಿಡಿದು, ನಿಜವಾದ ಭಾರ ಹೊರಿಸಿ, ಅದು ಆರುವವರೆಗೆ ಕಾದು ನೋಡದೆ ಬರೆದ ವಿಮರ್ಶೆಗೆ ಬೆಲೆಯಿಲ್ಲ.

ತೇವದ ವಿಷಯದಲ್ಲಿ ತಯಾರಕರ ಪತ್ರಿಕೆಗಳು ಒಂದು ಜಾಣ ಮಾತನ್ನು ಸೇರಿಸಿರುತ್ತವೆ. ಗಾಳಿಯ ತೇವ ನೂರಕ್ಕೆ ಎಂಬತ್ತೋ ತೊಂಬತ್ತೋ ಇದ್ದರೂ ಚಿಂತೆಯಿಲ್ಲ, ಆದರೆ ಅದು ಹನಿಗಟ್ಟಬಾರದು ಎಂದು. ಆಷಾಢದಲ್ಲಿ ಗೋಡೆಯೇ ಬೆವರುವ ಮನೆಯಲ್ಲಿ ಈ ಷರತ್ತನ್ನು ಪಾಲಿಸುವವರಾರು? ಅಡಿಕೆ ಬೇಯಿಸುವ ಒಲೆಯ ಮಸಿ ಫಂಕಕ್ಕೆ ಮೆತ್ತಿ, ಅದರ ಮೇಲೆ ತೇವ ಕೂತರೆ ಸೂಕ್ಷ್ಮ ತಂತುಗಳ ನಡುವೆ ವಿದ್ಯುತ್ತಿಗೆ ಬೇಡದ ದಾರಿ ತೆರೆಯುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಯಂತ್ರದ ಹೊಟ್ಟೆ ಬಿಚ್ಚಿ ನೋಡಿದವನ ಮಾತನ್ನು ನಂಬಬಹುದು; ಮೂರು ದಿನ ಇಟ್ಟುಕೊಂಡು ಹೊಗಳಿದವನದನ್ನಲ್ಲ.

ಏಪ್ರಿಲ್-ಮೇ ತಿಂಗಳ ಸಿಡಿಲು ವಿದ್ಯುತ್ ತಂತಿಯಿಂದಲೇ ಬರಬೇಕೆಂಬ ನಿಯಮವಿಲ್ಲ. ದೂರವಾಣಿಯ ತಂತಿ ಹಿಡಿದು ಮೋಡೆಮ್ಮಿಗೂ, ಅಲ್ಲಿಂದ ಗಣಕಯಂತ್ರಕ್ಕೂ ನುಗ್ಗಬಲ್ಲದು. ರಕ್ಷಣೆಗೆಂದು ಕೊಂಡ ಉಪಕರಣಗಳು ಸರಿಯಾದ ಭೂಸಂಪರ್ಕವಿಲ್ಲದಿದ್ದರೆ ಬಹುಪಾಲು ಅಲಂಕಾರಕ್ಕಷ್ಟೇ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಮುಟ್ಟಿದಾಗ ಬೆರಳು ಜುಮ್ಮೆಂದರೆ ಮೊದಲು ಪರೀಕ್ಷಿಸಬೇಕಾದುದು ಯಂತ್ರವನ್ನಲ್ಲ, ಮನೆಯ ಅರ್ಥಿಂಗನ್ನು.

ಇನ್ನು ಚೀಲದ ನಡುವಿನ ಮಾತು. ತಯಾರಕರು ವಿಮರ್ಶಕನಿಗೆ ಉಚಿತವಾಗಿ ಕಳುಹಿಸುವ ಮಾದರಿಯು ಚೀಲದ ಬಾಯ ಅಡಿಕೆಯಂತೆ. 2021ರಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ಎಸ್‌ಎನ್550 ಎಂಬ ಎಸ್.ಎಸ್.ಡಿ.ಯ ಒಳಗಿನ ಸ್ಮೃತಿ ಬಿಲ್ಲೆ ಬದಲಾಗಿತ್ತು. ಹೆಸರು ಮಾತ್ರ ಹಳೆಯದೇ. ಮೊದಲ ಕೆಲವು ಗಿಗಾಬೈಟುಗಳನ್ನು ಬರೆಯುವಾಗ ವ್ಯತ್ಯಾಸ ಕಾಣದು; ವೇಗದ ಅಂಚು ತುಂಬಿದ ಬಳಿಕ ಬರಹದ ವೇಗ ಸೆಕೆಂಡಿಗೆ 610 ಮೆಗಾಬೈಟಿನಿಂದ 390ಕ್ಕೆ ಇಳಿದುದನ್ನು ಪರೀಕ್ಷಕರು ಹಿಡಿದರು. ಮುಂದೆ ಪ್ರಕಟಿತ ಗುಣಲಕ್ಷಣ ಬದಲಾದಲ್ಲಿ ಮಾದರಿಯ ಸಂಖ್ಯೆಯನ್ನೂ ಬದಲಿಸುವೆವೆಂದು ಸಂಸ್ಥೆ ಮಾತು ಕೊಡಬೇಕಾಯಿತು. ಐದು ನಿಮಿಷದ ಪರೀಕ್ಷೆಯಿಂದ ಇದು ಹೊರಬೀಳುತ್ತಿರಲಿಲ್ಲ. ಅಂಗಡಿಯಿಂದ ಹಣ ಕೊಟ್ಟು ತಂದ ಮಾಲನ್ನು, ತುಂಬುವವರೆಗೂ ಬರೆದು, ತಿಂಗಳುಗಳ ಬಳಿಕ ಮತ್ತೊಂದನ್ನು ಕೊಂಡು ಹೋಲಿಸಿದರೆ ಮಾತ್ರ ಸತ್ಯ ತಿಳಿಯುವುದು.

ಪ್ರಯೋಗಶಾಲೆಗಳಿಗೆ ಕಾಣದ್ದು ಬಳಸುವವನಿಗೆ ಕಾಣುವುದೂ ಉಂಟು. 1994ರಲ್ಲಿ ಅಮೆರಿಕದ ವರ್ಜೀನಿಯಾದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕದಲ್ಲಿ ತೊಡಗಿದ್ದಾಗ ಇಂಟೆಲ್ ಸಂಸ್ಥೆಯ ಪೆಂಟಿಯಮ್ ಭಾಗಾಕಾರದಲ್ಲಿ ತಪ್ಪುವುದನ್ನು ಕಂಡುಹಿಡಿದರು. 41,95,835ನ್ನು 31,45,727ರಿಂದ ಭಾಗಿಸಿದರೆ 1.3338 ಬರಬೇಕಾದಲ್ಲಿ ಆ ಯಂತ್ರ 1.3337 ಎಂದಿತು. ಸಂಸ್ಥೆ ಮೊದಲು ಅದನ್ನು ಕ್ಷುಲ್ಲಕವೆಂದಿತು. ಕೊನೆಗೆ ಬದಲಿ ಬಿಲ್ಲೆಗಳಿಗಾಗಿ 47.5 ಕೋಟಿ ಡಾಲರುಗಳನ್ನು ತೆಗೆದಿಟ್ಟಿತು.

ಮನೆಯಲ್ಲಿ ಮಾಡಬಹುದಾದುದೂ ಇಲ್ಲದಿಲ್ಲ. ಅಂಗಡಿಯವರು ಹಿಂದಕ್ಕೆ ಪಡೆಯುವ ಅವಧಿ ಮುಗಿಯುವ ಮೊದಲೇ ಒಂದು ರಾತ್ರಿಯಿಡೀ ಸ್ಮೃತಿ ಪರೀಕ್ಷೆಯ ತಂತ್ರಾಂಶವನ್ನು ಓಡಿಸಬೇಕು. ಒಂದೇ ಒಂದು ತಪ್ಪು ಕಂಡರೂ ಯಂತ್ರವನ್ನು ಮರಳಿಸಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿಯ ಮೂಲ ಸಾಮರ್ಥ್ಯವನ್ನೂ ಈಗಿನ ಸಾಮರ್ಥ್ಯವನ್ನೂ ಒಂದು ಚೀಟಿಯಲ್ಲಿ ದಿನಾಂಕದೊಡನೆ ಬರೆದು ಡಬ್ಬಿಯೊಳಗಿಡಬೇಕು. ಮುಂದಿನ ಅಡಿಕೆ ಸುಗ್ಗಿಯ ಹೊತ್ತಿಗೆ ಆ ಚೀಟಿಯನ್ನು ತೆರೆದು ನೋಡುವ ಪ್ರಸಂಗ ಬಂದೇ ಬರುತ್ತದೆ.