ಲೆಕ್ಕಪತ್ರ ನಿರ್ವಹಣೆಯ ಅರ್ಹತೆಗಳು

ಲೆಕ್ಕಪತ್ರ ನಿರ್ವಹಣೆ ಅಥವಾ ಬುಕ್ ಕೀಪಿಂಗ್ ಎಂದರೆ ಒಂದು ವ್ಯವಹಾರದ ಹಣಕಾಸಿನ ವಹಿವಾಟುಗಳನ್ನು ದಿನಾಂಕಾನುಸಾರ, ಕ್ರಮಬದ್ಧವಾಗಿ ದಾಖಲಿಸುವ ಕಾರ್ಯ. ಭಾರತದಲ್ಲಿ ಕೇವಲ ಲೆಕ್ಕ ಬರೆಯುವುದಕ್ಕೆ ಯಾವುದೇ ಪರವಾನಗಿ ಕಡ್ಡಾಯವಿಲ್ಲ. ಆದರೆ ಲೆಕ್ಕಪರಿಶೋಧನೆ, ತೆರಿಗೆ ಪ್ರತಿನಿಧಿತ್ವ ಮುಂತಾದ ಕೆಲಸಗಳಿಗೆ ಕಾನೂನು ನಿರ್ದಿಷ್ಟ ಅರ್ಹತೆಗಳನ್ನು ವಿಧಿಸಿದೆ. ಆದ್ದರಿಂದ ನೌಕರಿ ಬಯಸುವವರಿಗೂ ಸ್ವಂತ ಉದ್ಯೋಗ ಮಾಡಬಯಸುವವರಿಗೂ ಸೂಕ್ತವಾದ ಅರ್ಹತೆಗಳು ಬೇರೆ ಬೇರೆಯಾಗಿವೆ.

ಹಿನ್ನೆಲೆ

ಜೋಡಿ ನಮೂದು ಪದ್ಧತಿಯನ್ನು ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ಮುದ್ರಿತವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಕರ್ನಾಟಕದಲ್ಲಿ ವರ್ತಕರು ಕಡತ, ಕಿರ್ದಿ ಮತ್ತು ಖಾತೆ ಪುಸ್ತಕಗಳಲ್ಲಿ ಲೆಕ್ಕವಿಡುತ್ತಿದ್ದರು. ಗ್ರಾಮದ ಲೆಕ್ಕವನ್ನು ಶಾನುಭೋಗರು, ಮುಂಬಯಿ ಕರ್ನಾಟಕ ಭಾಗದಲ್ಲಿ ಕುಲಕರ್ಣಿಗಳು ಬರೆಯುತ್ತಿದ್ದರು. 1986ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶವು ಈ ಕೆಲಸವನ್ನು ಗಣಕಯಂತ್ರಕ್ಕೆ ತಂದಿತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಗೆ ಬಂದ ಮೇಲೆ ಸಣ್ಣ ವ್ಯಾಪಾರಿಗಳಿಗೂ ನಿಯಮಿತ ಲೆಕ್ಕಪತ್ರ ಅನಿವಾರ್ಯವಾಯಿತು.

ಪ್ರಮುಖ ಅರ್ಹತೆಗಳು

ಪಿಯುಸಿ ವಾಣಿಜ್ಯ: ಎರಡು ವರ್ಷಗಳ ಈ ಶಿಕ್ಷಣದಲ್ಲಿ ಲೆಕ್ಕಶಾಸ್ತ್ರ ಒಂದು ವಿಷಯ. ಮುಂದಿನ ಎಲ್ಲ ದಾರಿಗಳಿಗೆ ಇದು ಉತ್ತಮ ಬುನಾದಿ.

ಟ್ಯಾಲಿ ಮತ್ತು ಜಿಎಸ್‌ಟಿ ತರಬೇತಿ: ಕೆಲವೇ ತಿಂಗಳುಗಳ ಅಲ್ಪಾವಧಿ ಕೋರ್ಸ್. ಕೆಲಸದ ಕೌಶಲವನ್ನು ಕೊಡುತ್ತದೆಯೇ ಹೊರತು ಕಾನೂನಿನ ಯಾವ ಅಧಿಕಾರವನ್ನೂ ಕೊಡುವುದಿಲ್ಲ.

ಬಿ.ಕಾಂ.: ವಿಶ್ವವಿದ್ಯಾಲಯದ ಪದವಿ. ಬ್ಯಾಂಕು, ಕಾರ್ಖಾನೆ ಹಾಗೂ ಕಚೇರಿಗಳ ಲೆಕ್ಕಪತ್ರ ಹುದ್ದೆಗಳಿಗೆ ಸಾಮಾನ್ಯವಾಗಿ ಕೇಳುವ ಅರ್ಹತೆ.

ಸಿಎಟಿ: ಭಾರತೀಯ ವೆಚ್ಚ ಲೆಕ್ಕಿಗರ ಸಂಸ್ಥೆಯು ಪಿಯುಸಿ ಮುಗಿಸಿದವರಿಗಾಗಿ ನಡೆಸುವ ಲೆಕ್ಕ ತಂತ್ರಜ್ಞರ ಪ್ರಮಾಣಪತ್ರ ಕೋರ್ಸ್.

ಡಿ.ಸಿ.ಎಂ.: ಸಹಕಾರ ಸಂಘಗಳ ನೌಕರಿಗೆ ಉಪಯುಕ್ತವಾದ, ಕರ್ನಾಟಕ ರಾಜ್ಯ ಸಹಕಾರ ಮಹಾಮಂಡಳದ ಸಹಕಾರ ನಿರ್ವಹಣೆಯ ಡಿಪ್ಲೊಮಾ.

ಚಾರ್ಟರ್ಡ್ ಅಕೌಂಟೆಂಟ್ (ಸಿಎ): 1949ರ ಕಾಯ್ದೆಯಡಿ ಸ್ಥಾಪಿತವಾದ ಸಂಸ್ಥೆ ನೀಡುವ ಅರ್ಹತೆ. ಫೌಂಡೇಶನ್, ಇಂಟರ್‌ಮೀಡಿಯೆಟ್, ಫೈನಲ್ ಎಂಬ ಮೂರು ಹಂತಗಳಿವೆ. 2023ರಲ್ಲಿ ಜಾರಿಯಾದ ಹೊಸ ಯೋಜನೆಯಂತೆ 2 ವರ್ಷಗಳ ಪ್ರಾಯೋಗಿಕ ತರಬೇತಿ ಕಡ್ಡಾಯ. ಈ ಅವಧಿಯಲ್ಲಿ ದೊರೆಯುವುದು ಶಿಷ್ಯವೇತನ ಮಾತ್ರ. ಕಂಪನಿಗಳ ಶಾಸನಬದ್ಧ ಲೆಕ್ಕಪರಿಶೋಧನೆ ಮಾಡುವ ಅಧಿಕಾರ ಸಿಎಗಳಿಗಿದೆ.

ಸ್ವಂತ ಉದ್ಯೋಗಕ್ಕೆ

ಸಣ್ಣ ವ್ಯಾಪಾರಿಗಳಿಗೆ ಲೆಕ್ಕ ಬರೆದುಕೊಡಲು ಕೌಶಲ ಸಾಕು. ಅಧಿಕೃತ ಪ್ರತಿನಿಧಿಯಾಗಿ ಜಿಎಸ್‌ಟಿ ರಿಟರ್ನ್ ಸಲ್ಲಿಸಲು ಮಾತ್ರ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಳ್ಳಬೇಕು. ವಾಣಿಜ್ಯ, ಕಾನೂನು, ಬ್ಯಾಂಕಿಂಗ್ ಅಥವಾ ವ್ಯವಹಾರ ನಿರ್ವಹಣೆಯ ಪದವೀಧರರು ಇದಕ್ಕೆ ಅರ್ಜಿ ಸಲ್ಲಿಸಬಹುದು. ನೋಂದಣಿ ಉಳಿಯಬೇಕಾದರೆ ನಿಗದಿತ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಹೀಗಾಗಿ ಪದವಿಯನ್ನು ಅರ್ಧಕ್ಕೆ ಬಿಟ್ಟು ಟ್ಯಾಲಿ ಮಾತ್ರ ಕಲಿತವರಿಗೆ ಈ ದಾರಿ ಮುಚ್ಚಿರುತ್ತದೆ. ದುಡಿಯುತ್ತಲೇ ಓದಬೇಕಾದವರು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಂತಹ ಸಂಸ್ಥೆಗಳ ಮೂಲಕ ಬಿ.ಕಾಂ. ಪಡೆಯಬಹುದು.

ಲೆಕ್ಕ ಬರೆಯುವವರ ತಪ್ಪಿನ ಹೊರೆಯನ್ನು ವ್ಯಾಪಾರಿಯೇ ಹೊರಬೇಕಾಗುತ್ತದೆ. ತಡವಾಗಿ ಪಾವತಿಸಿದ ಜಿಎಸ್‌ಟಿಗೆ ವಾರ್ಷಿಕ ಶೇ. 18ರಷ್ಟು ಬಡ್ಡಿ ತೆರಬೇಕು. ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕು.

ಬೆಳಗಾವಿ ಮತ್ತು ಖಾನಾಪುರ ಪ್ರದೇಶದಲ್ಲಿ

ಬೆಳಗಾವಿಯ ದಕ್ಷಿಣ ಭಾಗದ ಹಿಂದವಾಡಿ ಮತ್ತು ಟಿಳಕವಾಡಿ ಬಡಾವಣೆಗಳ ಸುತ್ತ ವಾಣಿಜ್ಯ ಶಿಕ್ಷಣದ ಸಂಸ್ಥೆಗಳಿವೆ. ಟಿಳಕವಾಡಿಯಲ್ಲಿ ಗೋಗಟೆ ವಾಣಿಜ್ಯ ಮಹಾವಿದ್ಯಾಲಯವೂ ಹಿಂದವಾಡಿಯಲ್ಲಿ ಕರ್ನಾಟಕ ಕಾನೂನು ಸಂಸ್ಥೆಯ ವ್ಯವಹಾರ ನಿರ್ವಹಣಾ ವಿದ್ಯಾಲಯವೂ ಇವೆ. 2010ರಲ್ಲಿ ಸ್ಥಾಪನೆಯಾದ ರಾಣಿ ಚೆನ್ನಮ್ಮ ವಿಶ್ವವಿದ್ಯಾಲಯ ಈ ಭಾಗದ ಪದವಿಗಳನ್ನು ನೀಡುತ್ತದೆ. ಅದಕ್ಕೂ ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನೀಡುತ್ತಿತ್ತು. ಸಿಎ ಸಂಸ್ಥೆಯ ಶಾಖೆಯೂ ಬೆಳಗಾವಿಯಲ್ಲಿದೆ.

ಉದ್ಯಮಬಾಗದ ಎರಕದ ಕಾರ್ಖಾನೆಗಳು, ಪಟ್ಟಣ ಸಹಕಾರಿ ಬ್ಯಾಂಕುಗಳು, ಸೌಹಾರ್ದ ಸಹಕಾರಿಗಳು ಹಾಗೂ ಖಾನಾಪುರದ ಹೆಂಚಿನ ಉದ್ಯಮಗಳಿಗೆ ಲೆಕ್ಕ ಬಲ್ಲವರು ಬೇಕು. ಗಡಿ ಜಿಲ್ಲೆಯಾದುದರಿಂದ ಮಾಲು ಗೋವಾ ಮತ್ತು ಮಹಾರಾಷ್ಟ್ರಗಳಿಗೂ ಹೋಗುತ್ತದೆ. ರಾಜ್ಯದೊಳಗೆ ಸರಕು ಮಾರುವವರಿಗೆ ಸಾಮಾನ್ಯವಾಗಿ ವಾರ್ಷಿಕ 40 ಲಕ್ಷ ರೂಪಾಯಿವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ತೆರಿಗೆಗೆ ಒಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವರು, ಕೆಲವು ಕರಕುಶಲ ವಸ್ತುಗಳಂತಹ ವಿನಾಯಿತಿಗಳನ್ನು ಬಿಟ್ಟರೆ, ವಹಿವಾಟು ಎಷ್ಟೇ ಕಡಿಮೆಯಿದ್ದರೂ ನೋಂದಾಯಿಸಬೇಕು. ಇಲ್ಲಿನ ಲೆಕ್ಕಿಗರಿಗೆ ಅಂತರರಾಜ್ಯ ತೆರಿಗೆಯ ತಿಳಿವಳಿಕೆಯೂ, ಕನ್ನಡ, ಮರಾಠಿ, ಇಂಗ್ಲಿಷ್ ಬಿಲ್ಲುಗಳನ್ನು ಓದುವ ಶಕ್ತಿಯೂ ನೆರವಾಗುತ್ತವೆ.

ಆಯ್ಕೆಯ ಮಾನದಂಡಗಳು

ಬೇಗ ಸಂಪಾದನೆ ಬೇಕಾದವರಿಗೆ ಪಿಯುಸಿಯ ಜೊತೆ ಟ್ಯಾಲಿ, ಸ್ಥಿರ ನೌಕರಿಗೆ ಬಿ.ಕಾಂ., ಸ್ವಂತ ತೆರಿಗೆ ಸೇವಾ ಕಚೇರಿಗೆ ಬಿ.ಕಾಂ. ಮತ್ತು ಜಿಎಸ್‌ಟಿ ಪ್ರಾಕ್ಟೀಷನರ್ ನೋಂದಣಿ, ಲೆಕ್ಕಪರಿಶೋಧಕರಾಗಲು ಸಿಎ ಹೊಂದುತ್ತವೆ. ಖಾಸಗಿ ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮೊದಲು ಪ್ರಮಾಣಪತ್ರ ನೀಡುವವರು ಯಾರು, ಅದರಿಂದ ದೊರೆಯುವುದು ಕೌಶಲವೋ ಕಾನೂನಿನ ಅಧಿಕಾರವೋ ಎಂಬುದನ್ನು ಪರಿಶೀಲಿಸುವುದು ಅಗತ್ಯ. ಸಿಎ ಸಂಸ್ಥೆಯ ಸದಸ್ಯರಲ್ಲದವರು ತಮ್ಮನ್ನು ಚಾರ್ಟರ್ಡ್ ಅಕೌಂಟೆಂಟ್ ಎಂದು ಕರೆದುಕೊಳ್ಳುವುದು ಶಿಕ್ಷಾರ್ಹ ಅಪರಾಧ.