ಪೊರಕೆಯ ಹಿಡಿ ಹಿಡಿದವರ ದನಿ

1947ರ ಅಕ್ಟೋಬರ್ 14ರ ಬೆಳಗ್ಗೆ, ಕ್ಯಾಲಿಫೋರ್ನಿಯಾದ ಮರುಭೂಮಿಯ ಮೇಲೆ ಒಂದು ಬಿ-29 ವಿಮಾನ ಹಾರುತ್ತಿತ್ತು. ಅದರ ಹೊಟ್ಟೆಗೆ ಕಿತ್ತಳೆ ಬಣ್ಣದ ಪುಟ್ಟದೊಂದು ರಾಕೆಟ್ ವಿಮಾನವನ್ನು ಸಿಕ್ಕಿಸಿದ್ದರು. ಅದನ್ನು ಹಾರಿಸಬೇಕಿದ್ದ ಚಕ್ ಯೇಗರ್‌ಗೆ ಆಗ 24 ವರ್ಷ. ಎರಡು ದಿನದ ಹಿಂದೆ ಕುದುರೆಯಿಂದ ಬಿದ್ದು ಅವರ ಎರಡು ಪಕ್ಕೆಲುಬು ಮುರಿದಿದ್ದವು. ಮೇಲಧಿಕಾರಿಗಳ ಕಿವಿಗೆ ಬಿದ್ದರೆ ಹಾರಾಟ ಕೈತಪ್ಪುತ್ತದೆಂದು, ಊರಾಚೆಯ ವೈದ್ಯರಲ್ಲಿ ಪಟ್ಟಿ ಕಟ್ಟಿಸಿಕೊಂಡು ಸುಮ್ಮನಿದ್ದರು. ಆದರೆ ಬಾಗಿಲಿನ ಚಿಲಕ ಹಾಕಲು ಬಲಗೈ ಬಗ್ಗುತ್ತಿರಲಿಲ್ಲ. ಗುಟ್ಟು ಬಲ್ಲ ಗೆಳೆಯ, ಎಂಜಿನಿಯರ್ ಜ್ಯಾಕ್ ರಿಡ್ಲಿ ಪೊರಕೆಯ ಹಿಡಿಯಿಂದ ಗೇಣುದ್ದದ ತುಂಡು ಕತ್ತರಿಸಿ ಕೊಟ್ಟರು. ಎಡಗೈಯಲ್ಲಿ ಆ ಕೋಲು ಹಿಡಿದು ಮೀಟಿ ಬಾಗಿಲು ಭದ್ರಮಾಡಿಕೊಂಡ ಯೇಗರ್, ಸ್ವಲ್ಪ ಹೊತ್ತಿನಲ್ಲೇ ಮನುಷ್ಯ ಅದುವರೆಗೆ ಹಾರದ ವೇಗದಲ್ಲಿ ಹಾರಿದರು. ಶಬ್ದದ ವೇಗವನ್ನು ದಾಟಿದರು.

ಆ ಗಳಿಗೆಯಲ್ಲಿ ರೇಡಿಯೊದಲ್ಲಿ ಕೇಳಿಬಂದದ್ದು ಜಯಘೋಷವಲ್ಲ. ವೇಗ ತೋರಿಸುವ ಈ ಮ್ಯಾಕ್ ಮೀಟರಿಗೆ ಏನೋ ಆಗಿದೆ, ತಲೆಕೆಟ್ಟಂತೆ ಆಡುತ್ತಿದೆ, ಬರೆದಿಟ್ಟುಕೋ ಎಂದರು ಯೇಗರ್. ಕೆಟ್ಟಿದ್ದರೆ ಸರಿಮಾಡೋಣ ಬಿಡು, ಆದರೆ ನನಗನ್ನಿಸೋದು ನಿನ್ನ ಕಣ್ಣಿಗೇ ಏನೋ ಕಾಣಿಸ್ತಾ ಇದೆ ಅಂತ ಎಂದು ರಿಡ್ಲಿ ಉತ್ತರಿಸಿದರು. ಗುಟ್ಟಿನ ಪ್ರಯೋಗವಾದ್ದರಿಂದ ಸುದ್ದಿಯನ್ನು ಹೀಗೆ ಸುತ್ತಿ ಹೇಳಬೇಕಿತ್ತು. ಆದರೂ ಈ ಎರಡು ಮಾತುಗಳಲ್ಲಿರುವ ಗೆಳೆತನ ಎಷ್ಟು ದೊಡ್ಡದು! ಎದೆಯೊಳಗೆ ಎಲುಬು ಮುರಿದಿದೆ, ಮಾತಿನಲ್ಲಿ ಅದರ ಸುಳಿವೇ ಇಲ್ಲ.

ಅಮೆರಿಕದ ಲೇಖಕ ಟಾಮ್ ವುಲ್ಫ್ 1979ರ ‘ದಿ ರೈಟ್ ಸ್ಟಫ್’ ಪುಸ್ತಕದಲ್ಲಿ ಈ ದನಿಯ ಜಾಡು ಹಿಡಿದರು. ಪ್ರಯಾಣಿಕರ ವಿಮಾನಗಳಲ್ಲಿ ಕೇಳುವ ಕ್ಯಾಪ್ಟನ್‌ನ ನಿಧಾನದ, ತುಸು ಎಳೆದಾಡುವ ದನಿ ವೆಸ್ಟ್ ವರ್ಜೀನಿಯಾದ ಗುಡ್ಡಗಾಡಿನದು ಎಂದರು ಅವರು. ಅದು ಯೇಗರ್ ಹುಟ್ಟಿ ಬೆಳೆದ ನೆಲ. ಅವರ ಜೊತೆಯವರು ಅನುಕರಿಸಿದರು, ಅವರಿಂದ ಮಿಕ್ಕವರಿಗೆ ಅಂಟಿತು. ಪೈಲಟ್ ಮತ್ತು ನೆಲದಿಂದ ದಾರಿ ತೋರುವ ಕಂಟ್ರೋಲರ್ ನಡುವಿನ ತಮಾಷೆಯ ಮಾತುಗಳೆಲ್ಲ ಈ ದನಿಯ ಮಕ್ಕಳು ಎಂದು ನನಗನ್ನಿಸುತ್ತದೆ. ಅವು ನಗಿಸುವುದು ಪದದಿಂದಲ್ಲ, ಪದದ ಹಿಂದಿನ ಸಮಾಧಾನದಿಂದ.

ಆಕಾಶದ ರೇಡಿಯೊದಲ್ಲಿ ಹರಟೆಗೆ ಜಾಗವಿಲ್ಲ. ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಆ ತರಂಗದಲ್ಲಿರುವ ಮಿಕ್ಕವರೆಲ್ಲ ಕಾಯಬೇಕು. ಇಬ್ಬರು ಒಟ್ಟಿಗೆ ಒತ್ತಿದರೆ ಕೇಳುವುದು ಕೀರಲು ಸದ್ದು ಮಾತ್ರ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಮಂಜು ಕವಿದ ರನ್‌ವೇಯಲ್ಲಿ ಆದದ್ದು ಅದೇ. ಕೆಎಲ್‌ಎಂ ವಿಮಾನ ಟೇಕಾಫ್ ಆಗುತ್ತಿದೆ ಎಂಬ ಅರ್ಥದ ಮಾತು ಟವರಿಗೆ ಸ್ಪಷ್ಟವಾಗಲಿಲ್ಲ. ಕಾಯಿರಿ ಎಂದು ಟವರ್ ಹೇಳುವಾಗಲೇ, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದಿತು ಪಾನ್ ಆಮ್ ವಿಮಾನ. ಎರಡು ದನಿ ಒಂದಕ್ಕೊಂದು ಬಡಿದು ಕೀರಲಾಯಿತು. ಎರಡೂ ವಿಮಾನ ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ ‘ಟೇಕಾಫ್’ ಎಂಬ ಪದವನ್ನೇ ಕಟ್ಟಿಹಾಕಿದರು. ಅನುಮತಿ ಕೊಡುವಾಗ ಅಥವಾ ರದ್ದು ಮಾಡುವಾಗ ಮಾತ್ರ ಅದನ್ನು ಬಳಸಬೇಕು, ಉಳಿದ ಹೊತ್ತಿನಲ್ಲಿ ‘ಡಿಪಾರ್ಚರ್’ ಎನ್ನಬೇಕು. ನಮ್ಮಲ್ಲೇ 1996ರಲ್ಲಿ ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 349 ಜನ ತೀರಿಕೊಂಡಾಗಲೂ, ಕಜಕಿಸ್ತಾನದ ಸಿಬ್ಬಂದಿಗೆ ಇಂಗ್ಲಿಷ್ ಸರಿಯಾಗಿ ತಿಳಿಯದ ತೊಡಕಿನ ಮಾತು ಬಂತು. ಇಷ್ಟು ಬಿಗಿ ಮಾಡಿದ ಮೇಲೂ ಉಳಿದುಕೊಂಡ ಸಣ್ಣ ಸಂದಿನಲ್ಲಿ ಮನುಷ್ಯರು ಇಣುಕುತ್ತಾರೆ. ಭಾರತದ ಆಕಾಶದಲ್ಲಿ ಕಂಟ್ರೋಲ್‌ಗೆ ‘ನಮಸ್ಕಾರ್’ ಹೇಳಿ ಮುಂದಿನ ಮಾತಿಗೆ ಹೋಗುವ ಪೈಲಟ್‌ಗಳ ವಾಡಿಕೆ ನನಗೆ ಬಲು ಇಷ್ಟ.

ಬಾಯಿಂದ ಬಾಯಿಗೆ ಹರಿದ ಕಥೆಗಳೂ ಇವೆ. ಫ್ರಾಂಕ್‌ಫರ್ಟ್‌ನಲ್ಲಿ ದಾರಿ ತಡಕಾಡುತ್ತಿದ್ದ ಬ್ರಿಟಿಷ್ ಪೈಲಟ್‌ಗೆ, ಇಲ್ಲಿಗೆ ಹಿಂದೆ ಬಂದಿಲ್ಲವೇ ಎಂದು ಕಂಟ್ರೋಲರ್ ಗದರಿದರಂತೆ. ಬಂದಿದ್ದೆ, 1944ರಲ್ಲಿ, ಆದರೆ ಇಳಿದಿರಲಿಲ್ಲ ಎಂಬುದು ಉತ್ತರ.  ಇದನ್ನು ಕಥೆಯೆಂದೇ ಕೇಳಬೇಕು.

ನಿಜವಾಗಿ ನಡೆದದ್ದು 1982ರ ಜೂನ್ 24ರ ರಾತ್ರಿಯದು. ಲಂಡನ್ನಿನಿಂದ ಹೊರಟು ಮುಂಬೈ, ಮದ್ರಾಸು ದಾಟಿ ಬಂದಿದ್ದ ಬ್ರಿಟಿಷ್ ಏರ್‌ವೇಸ್‌ನ ‘ಸ್ಪೀಡ್‌ಬರ್ಡ್ 9’, ಜಾವಾದ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಕ್ಕೆ ಹೊಕ್ಕಿತು. ನಾಲ್ಕೂ ಎಂಜಿನ್ ನಿಂತವು. ಜಕಾರ್ತಾ ಕಂಟ್ರೋಲ್‌ಗೆ ಕೇಳಿಸಿದ್ದು ನಾಲ್ಕನೇ ಎಂಜಿನ್ ಒಂದೇ ನಿಂತಿದೆ ಎಂದು! ಹತ್ತಿರದಲ್ಲಿದ್ದ ಗರುಡ ಸಂಸ್ಥೆಯ ವಿಮಾನವೊಂದು ನಡುವೆ ನಿಂತು ಬಿಡಿಸಿ ಹೇಳಬೇಕಾಯಿತು. ಇತ್ತ ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ, ನಮಗೊಂದು ಸಣ್ಣ ತೊಂದರೆ ಆಗಿದೆ, ನಾಲ್ಕೂ ಎಂಜಿನ್ ನಿಂತಿವೆ, ನಿಮಗೆ ಹೆಚ್ಚು ಕಳವಳ ಆಗಿಲ್ಲ ಎಂದುಕೊಂಡಿದ್ದೇನೆ ಎಂದರು. 37,000 ಅಡಿಯಿಂದ 13,000 ಅಡಿಯ ಆಸುಪಾಸಿಗೆ ಜಾರಿದ ಮೇಲೆ ಎಂಜಿನ್‌ಗಳು ಮತ್ತೆ ಉಸಿರಾಡಿದವು. ಬೂದಿ ಉಜ್ಜಿ ಮಂಜಾದ ಗಾಜಿನಾಚೆ ಕಣ್ಣು ನೆಟ್ಟು, ಮೂಡಿ ವಿಮಾನವನ್ನು ಜಕಾರ್ತಾದಲ್ಲಿ ಇಳಿಸಿದರು. 263 ಜನರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ‘ಸಣ್ಣ ತೊಂದರೆ’ ಎಂಬ ಆ ಎರಡು ಪದ ಕತ್ತಲಲ್ಲಿ ಕುಳಿತವರಿಗೆ ಎಷ್ಟು ದೊಡ್ಡ ಆಸರೆ!

ಎಸ್‌ಆರ್-71 ಬೇಹುಗಾರಿಕೆ ವಿಮಾನದ ಪೈಲಟ್ ಬ್ರಯನ್ ಶುಲ್ ಹೇಳಿಕೊಂಡ ಪ್ರಸಂಗವೂ ಇದೇ ದನಿಯ ಮೇಲೆ ನಿಂತಿದೆ. ಸುಮಾರು 80,000 ಅಡಿ ಎತ್ತರದಲ್ಲಿ ಅವರು. ಕೆಳಗೆ ಒಂದು ಸಣ್ಣ ಸೆಸ್ನಾ ತನ್ನ ವೇಗ ಎಷ್ಟೆಂದು ಲಾಸ್ ಏಂಜಲೀಸ್ ಕೇಂದ್ರವನ್ನು ಕೇಳಿತು. 90 ನಾಟ್. ಇನ್ನೊಂದು ವಿಮಾನ ಕೇಳಿತು, 125. ಆಮೇಲೆ ನೌಕಾಪಡೆಯ ಎಫ್-18 ಹೆಮ್ಮೆಯಿಂದ ಕೇಳಿತು, 620. ಎಲ್ಲರಿಗೂ ಕಂಟ್ರೋಲರ್‌ನ ದನಿ ಒಂದೇ. ಸೆಸ್ನಾಗೆ ಕೊಟ್ಟಷ್ಟೇ ಗೌರವ ಎಲ್ಲರಿಗೂ. ಶುಲ್‌ಗೆ ಬಾಯಿ ಹಾಕುವ ಆಸೆ, ಆದರೆ ರೇಡಿಯೊ ಹಿಂದಿನ ಸೀಟಿನ ವಾಲ್ಟ್ ವಾಟ್ಸನ್‌ರ ಕೆಲಸ. ತುಟಿ ಕಚ್ಚಿಕೊಂಡಿದ್ದಾಗ ಹಿಂದಿನಿಂದ ಮೈಕ್ ಗುಂಡಿಯ ಟಕ್ ಸದ್ದು ಕೇಳಿತು. ನಮ್ಮ ವೇಗ ಎಷ್ಟು ಎಂದು ವಾಲ್ಟ್ ನಿಧಾನವಾಗಿ ಕೇಳಿದರು. ಅದೇ ದನಿಯಲ್ಲಿ ಉತ್ತರ ಬಂತು: 1,842 ನಾಟ್. ನಮ್ಮ ಮೀಟರ್ 1,900ರ ಹತ್ತಿರ ತೋರಿಸುತ್ತಿದೆ ಎಂದರು ವಾಲ್ಟ್. ಕಂಟ್ರೋಲರ್‌ನ ದನಿಯಲ್ಲಿ ಮೊದಲ ಬಾರಿಗೆ ನಗುವಿನ ಎಳೆ ಮೂಡಿತು. ಒಂದೇ ಕೆಲಸಕ್ಕೆ ಸೀಟು ಹಂಚಿಕೊಂಡಿದ್ದ ಇಬ್ಬರೂ ಆ ಕ್ಷಣ ನಿಜವಾದ ಜೊತೆಗಾರರಾದೆವು ಎಂಬುದು ಶುಲ್ ಅವರ ಅನಿಸಿಕೆ. ಅಲ್ಲಿಂದ ಕಡಲ ದಂಡೆಯವರೆಗೆ ಆ ತರಂಗದಲ್ಲಿ ಬೇರೆ ಯಾರ ಮಾತೂ ಕೇಳಲಿಲ್ಲವಂತೆ.